ಚೌಕಳಿ ಲಂಗದ ಇಪ್ಪತ್ತೆಂಟು ನೆರಿಗೆಗಳು

ಮೇ ತಿಂಗಳ ಕೊನೆಯ ವಾರ ಬಂದಿತೆಂದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಪುಸ್ತಕ, ಪಾಟೀಚೀಲ, ಛತ್ರಿ, ಬೂಟುಗಳ ಪಟ್ಟಿ ಸಿದ್ಧವಾಗುತ್ತದೆ. ಆ ಪಟ್ಟಿಯಲ್ಲಿ ತಾಯಂದಿರನ್ನು ಬಹುವಾಗಿ ಚಿಂತೆಗೀಡುಮಾಡುವುದು ಸಮವಸ್ತ್ರ. ಗಂಡುಮಕ್ಕಳ ಚಡ್ಡಿ ಅಂಗಿಗಳ ಹೊಲಿಗೆ ಹೇಗೋ ನಡೆದುಹೋಗುತ್ತದೆ. ಹೆಣ್ಣುಮಕ್ಕಳ ನೆರಿಗೆಯ ಲಂಗದ ಮಾತು ಮಾತ್ರ ಬೇರೆ. ಅದರಲ್ಲಿಯೂ ಆ ಲಂಗ ಚೌಕಳಿ ಬಟ್ಟೆಯದಾಗಿದ್ದರೆ, ಹೊಲಿಗೆ ಬಲ್ಲ ಹೆಣ್ಣುಮಕ್ಕಳೂ ಒಂದು ಕ್ಷಣ ಕೈ ಹಿಂದೆಗೆಯುವುದುಂಟು.

ನಾವೂ ಹಾಗೆ ಕೈ ಹಿಂದೆಗೆದವರೇ. ಆದರೂ ಹೊಲಿದೆವು. ತಪ್ಪಿದೆವು, ಬಿಚ್ಚಿದೆವು, ಮತ್ತೆ ಹೊಲಿದೆವು. ಒಂದು ಲಂಗದ ನಿಮಿತ್ತವಾಗಿ ನಾವು ಕಲಿತದ್ದು ಹೊಲಿಗೆಯನ್ನಷ್ಟೇ ಅಲ್ಲವಾದುದರಿಂದ, ಆ ಅನುಭವವನ್ನು ಶರಣ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ನೂಲು, ಸೂಜಿ ಮತ್ತು ಶರಣರು

ನಮ್ಮ ಧರ್ಮದ ಪರಂಪರೆಯಲ್ಲಿ ಬಟ್ಟೆಗೂ ಭಕ್ತಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಆದ್ಯ ವಚನಕಾರರೆಂದು ಹೆಸರಾದ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ನೇಯ್ದವರು. ಕದಿರೆ ರೆಮ್ಮವ್ವೆಯವರು ನೂಲು ತೆಗೆಯುವುದನ್ನೇ ಕಾಯಕವಾಗಿಸಿಕೊಂಡವರು. ಸೂಜಿಕಾಯಕದ ರಾಮಿತಂದೆಯವರಿಗಂತೂ ಸೂಜಿಯೇ ಹೆಸರಿನ ಭಾಗವಾಯಿತು. ನೂಲುವುದು, ನೇಯುವುದು, ಹೊಲಿಯುವುದು ಈ ಮೂರೂ ಕೆಲಸಗಳು ಅನುಭವ ಮಂಟಪದ ಕಾಲದ ಶರಣ ಸಮುದಾಯದಲ್ಲಿ ಮಾನ್ಯತೆ ಪಡೆದವು. ಯಾವ ಕೆಲಸವೂ ಕೀಳಲ್ಲ, ಆದರೆ ಮನಸ್ಸಿಡದೆ ಮಾಡಿದ ಕೆಲಸ ಕಾಯಕವಾಗದು ಎಂಬುದು ಆ ಮಹನೀಯರು ಬದುಕಿ ತೋರಿಸಿದ ದಾರಿ.

ಈ ಮಾತನ್ನು ನಾವು ಅಕ್ಕನ ಬಳಗದ ಸಭೆಗಳಲ್ಲಿ ಹಲವು ಸಲ ಕೇಳಿದ್ದೆವು, ಹೇಳಿಯೂ ಇದ್ದೆವು. ಅದರ ಅರ್ಥ ಮಾತ್ರ 1994ರ ಜೂನ್ ತಿಂಗಳಲ್ಲಿ, ಒಂದು ಚೌಕಳಿ ಲಂಗವನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಾಗ ತಿಳಿಯಿತು.

ಆ ವರ್ಷ ನಮ್ಮ ಮಗಳು 5ನೆಯ ತರಗತಿಗೆ ಹೊಸ ಶಾಲೆಗೆ ಸೇರಿದಳು. ಆ ಶಾಲೆಯ ಸಮವಸ್ತ್ರ ಬಿಳಿಯ ಅಂಗಿ ಮತ್ತು ಚೌಕಳಿಯ ನೆರಿಗೆ ಲಂಗ. ಕಡುನೀಲಿ ನೆಲ, ಅದರ ಮೇಲೆ ಕೆಂಪು ಗೆರೆ, ಕೆಂಪಿನ ಪಕ್ಕದಲ್ಲಿ ಸಣ್ಣದೊಂದು ಬಿಳಿ ಗೆರೆ. ಹೊಲಿದು ಸಿದ್ಧಪಡಿಸಿದ ಲಂಗಗಳು ಪೇಟೆಯ ಅಂಗಡಿಯೊಂದರಲ್ಲಿ ದೊರೆಯುತ್ತಿದ್ದವು. ಒಂದು ಲಂಗದ ಬೆಲೆಯಲ್ಲಿ ಎರಡು ಲಂಗಗಳಿಗೆ ಸಾಲುವಷ್ಟು ಬಟ್ಟೆ ಬರುತ್ತಿತ್ತು. ಮನೆಯಲ್ಲಿ ದುಡಿಯುವವರು ಒಬ್ಬರು, ಉಣ್ಣುವವರು ಆರು ಮಂದಿ. ಮೂಲೆಯಲ್ಲಿ ತವರಿನವರು ಕೊಟ್ಟ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವಿತ್ತು. ಹೀಗಾಗಿ ಬಟ್ಟೆ ತಂದೆವು. ಮಗಳನ್ನು ಕೇಳಲಿಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಚೌಕಳಿ ಬಂದ ದಾರಿ

ಶಾಲೆಯ ಲಂಗಗಳಲ್ಲಿ ಕಾಣುವ ಈ ಬಗೆಯ ಬಣ್ಣದ ಚೌಕಳಿಯ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಸ್ಕಾಟ್ಲೆಂಡಿನ ಬೆಟ್ಟನಾಡನ್ನು ತಲುಪುತ್ತೇವೆ. ಅಲ್ಲಿ ಈ ವಿನ್ಯಾಸಕ್ಕೆ ಟಾರ್ಟನ್ ಎಂದು ಹೆಸರು. ಇಂಗ್ಲಿಷಿನಲ್ಲಿ ಚೌಕಳಿಗೆ ಹೇಳುವ ಪ್ಲೇಡ್ ಎಂಬ ಮಾತು ಮೂಲದಲ್ಲಿ ಅಲ್ಲಿಯವರು ಮೈಗೆ ಸುತ್ತಿಕೊಳ್ಳುತ್ತಿದ್ದ ಕಂಬಳಿಯಂಥ ಉಣ್ಣೆಯ ಹೊದಿಕೆಯ ಹೆಸರು. ಆ ಉದ್ದನೆಯ ಹೊದಿಕೆಯನ್ನೇ ಗಂಡಸರು ನಡುವಿನಲ್ಲಿ ನೆರಿಗೆ ಹಿಡಿದು, ಪಟ್ಟಿ ಬಿಗಿದು, ಉಳಿದ ಸೆರಗನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದರು. ಮೇಲಿನ ಭಾಗವನ್ನು ಬಿಟ್ಟು ನಡುವಿನಿಂದ ಕೆಳಗಿನದನ್ನು ಮಾತ್ರ ಹೊಲಿದು ತೊಡುವ ರೂಢಿ 18ನೆಯ ಶತಮಾನದಲ್ಲಿ ಬೆಳೆಯಿತು. ಅದೇ ಕಿಲ್ಟ್. 1746ರಲ್ಲಿ ಬ್ರಿಟಿಷ್ ಸರ್ಕಾರ ಬೆಟ್ಟನಾಡಿನವರ ಬಂಡಾಯವನ್ನು ಅಡಗಿಸಿದ ಬಳಿಕ ಗಂಡಸರು ಈ ಉಡುಪನ್ನು ತೊಡಬಾರದೆಂದು ಕಾಯಿದೆ ಮಾಡಿತು. ಸೈನಿಕರಿಗೆ ಮಾತ್ರ ವಿನಾಯಿತಿಯಿತ್ತು. 1782ರಲ್ಲಿ ಆ ಕಾಯಿದೆ ರದ್ದಾಯಿತು. ಒಂದು ಕಾಲಕ್ಕೆ ಅಪರಾಧವೆನಿಸಿದ್ದ ಬಟ್ಟೆಯೇ ಇಂದು ಆ ನಾಡಿನ ಹೆಮ್ಮೆಯ ಗುರುತು. ಅಲ್ಲಿಂದ ಅದು ಸೈನ್ಯದ ದಿರಿಸಿಗೂ ಫ್ಯಾಷನ್ನಿಗೂ ಹಬ್ಬಿ, ಹಲವು ದೇಶಗಳ ಹೆಣ್ಣುಮಕ್ಕಳ ಶಾಲಾ ಲಂಗವಾಗಿ ನಮ್ಮ ಊರುಗಳವರೆಗೂ ಬಂದಿದೆ.

ಚೌಕಳಿ ನಮಗೇನೂ ಹೊಸದಲ್ಲ. ಇಳಕಲ್ಲಿನ ಮಗ್ಗಗಳಲ್ಲಿ ಚೌಕಡಿ ಸೀರೆಗಳು ನೇಯಲ್ಪಡುತ್ತಲೇ ಬಂದಿವೆ. ನಮ್ಮ ಅಜ್ಜಿಯಂದಿರು ಅವನ್ನು ಉಟ್ಟು ಹೊಲಕ್ಕೂ ಜಾತ್ರೆಗೂ ಹೋದವರು. ಮದರಾಸಿನ ಚೌಕಳಿ ಬಟ್ಟೆ ಹಡಗೇರಿ ಪರದೇಶಗಳಿಗೆ ಹೋಗಿ ಹೆಸರು ಮಾಡಿತು. ಸ್ಕಾಟ್ಲೆಂಡಿನ ಉಣ್ಣೆಯಾಗಲಿ ಇಳಕಲ್ಲಿನ ನೂಲಾಗಲಿ, ಚೌಕಳಿಯ ಗುಟ್ಟು ಒಂದೇ. ಹಾಸಿನಲ್ಲಿ ಯಾವ ಬಣ್ಣದ ಎಳೆಗಳು ಎಷ್ಟೆಷ್ಟು ಎಂದು ಎಣಿಸಿ ಕಟ್ಟಿರುತ್ತಾರೋ, ಹೊಕ್ಕಿನಲ್ಲಿಯೂ ಅದೇ ಎಣಿಕೆಯನ್ನು ಅನುಸರಿಸುತ್ತಾರೆ. ನೆಟ್ಟಗಿನ ಗೆರೆ ಅಡ್ಡಗೆರೆಯನ್ನು ಕೂಡಿದಲ್ಲಿ ಚೌಕ ಮೂಡುತ್ತದೆ. ಒಂದು ಸುತ್ತಿನ ಎಣಿಕೆ ಮುಗಿದರೆ ಮತ್ತೆ ಮೊದಲಿನಿಂದ ಆರಂಭ. ಈ ಒಂದು ಸುತ್ತನ್ನು ನಾವು ಇಲ್ಲಿ ‘ಆವೃತ್ತಿ’ ಎಂದು ಕರೆಯೋಣ. ಚೌಕಳಿ ಲಂಗ ಹೊಲಿಯುವವರಿಗೆ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. ಅದನ್ನು ನಾವು ಕಲಿತದ್ದು ಮಾತ್ರ ತಡವಾಗಿ.

ಅಳತೆ ಮತ್ತು ಬಟ್ಟೆ

ಒಂದೇ ದಿಕ್ಕಿಗೆ ಬಾಗಿದ ನೆರಿಗೆಗಳ ಲಂಗಕ್ಕೆ ಸೊಂಟದ ಸುತ್ತಳತೆಯ ಮೂರು ಪಟ್ಟು ಬಟ್ಟೆ ಬೇಕು. ನೆರಿಗೆಯ ಮೇಲೆ ಕಾಣುವುದು ಒಂದು ಪದರ, ಅದರ ಕೆಳಗೆ ಅಡಗಿರುವುದು ಎರಡು ಪದರ. ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು.

ನಮ್ಮ ಮಗಳ ಅಳತೆ ಹೀಗಿತ್ತು: ನಡು 24 ಅಂಗುಲ, ಸೊಂಟದ ಅಗಲವಾದ ಭಾಗ 28 ಅಂಗುಲ, ಉದ್ದ 20 ಅಂಗುಲ. ನೆರಿಗೆಯನ್ನು ಲೆಕ್ಕ ಹಾಕಬೇಕಾದುದು ಅಗಲವಾದ ಭಾಗದಿಂದ. ಒಂದೊಂದು ನೆರಿಗೆ 1 ಅಂಗುಲ ಕಾಣುವಂತಿದ್ದರೆ 28 ನೆರಿಗೆಗಳು. ಪ್ರತಿಯೊಂದಕ್ಕೆ 3 ಅಂಗುಲದಂತೆ ಒಟ್ಟು 84 ಅಂಗುಲ, ಜೊತೆಗೆ ಜೋಡಣೆಗೆ ತುಸು ಹೆಚ್ಚು. ಉದ್ದಕ್ಕೆ 20 ಅಂಗುಲದ ಜೊತೆ ಮೇಲೆ 1 ಅಂಗುಲ, ಕೆಳಗಿನ ಮಡಿಕೆಗೆ 4 ಅಂಗುಲ, ಕೂಡಿ 25 ಅಂಗುಲ. 36 ಅಂಗುಲ ಪನ್ನದ ಬಟ್ಟೆಯಲ್ಲಿ ಅಂತಹ 3 ತುಂಡುಗಳು ಬೇಕು. ನಡುಪಟ್ಟಿಯನ್ನೂ, ಚೌಕಳಿ ಹೊಂದಿಸುವಾಗ ವ್ಯರ್ಥವಾಗುವುದನ್ನೂ ಸೇರಿಸಿದರೆ ಎರಡೂಕಾಲು ಮೀಟರು ಸಾಕು.

ಕೆಳಗಿನ ಮಡಿಕೆಗೆ 4 ಅಂಗುಲವೇಕೆ ಎಂದು ಕೆಲವರು ಕೇಳಬಹುದು. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಬೆಳವಣಿಗೆಗೆ ಸ್ಥಳವಿರಬೇಕು. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತೊಡುತ್ತಿದ್ದ ಪರಕಾರಗಳಲ್ಲಿ ಹಿರಿಯರು ಅಂಚಿನ ಮೇಲೆ ಒಂದೆರಡು ಅಡ್ಡಮಡಿಕೆ ಹಿಡಿದು ಹೊಲಿದಿರುತ್ತಿದ್ದರು. ವರುಷಕ್ಕೊಂದು ಮಡಿಕೆ ಬಿಚ್ಚಿದರೆ ಪರಕಾರವೂ ಮಗಳ ಜೊತೆ ಬೆಳೆಯುತ್ತಿತ್ತು. ಅದೇ ಜಾಣತನ ಇದು.

ಬಟ್ಟೆ ಟೆರಿಕಾಟ್ ಆಗಿದ್ದರೆ ನೆರಿಗೆ ನಿಲ್ಲುತ್ತದೆ. ಅದರಲ್ಲಿ ಬೆರೆತಿರುವ ಪಾಲಿಯೆಸ್ಟರ್ ಎಳೆಗೆ ಬಿಸಿ ತಗುಲಿದಾಗ ಮಡಿಕೆಯ ಆಕಾರವನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ. ಬರೀ ಹತ್ತಿಯ ಬಟ್ಟೆ ಮೈಗೆ ತಂಪು, ಆದರೆ ಪ್ರತಿ ಸಲ ಒಗೆದಾಗಲೂ ನೆರಿಗೆಯನ್ನು ಹೊಸದಾಗಿ ಕೂಡಿಸಬೇಕಾಗುತ್ತದೆ. ಹತ್ತಿಯದಾದರೆ ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸುವುದನ್ನು ಮರೆಯಬಾರದು. ಕುಗ್ಗುವುದೆಲ್ಲ ಕತ್ತರಿ ತಾಗುವ ಮೊದಲೇ ಕುಗ್ಗಿಬಿಡಬೇಕು.

ಒಂದು ನೂಲಿನ ತಪ್ಪು

ಬಟ್ಟೆ ತಂದ ದಿನವೇ ನಾವು ಟೇಪು ಹಿಡಿದು ಕುಳಿತೆವು. ಸುಣ್ಣದ ಬಿಲ್ಲೆಯಿಂದ ಮೂರು ಮೂರು ಅಂಗುಲಕ್ಕೆ ಗುರುತು ಹಾಕಿ, ಗುಂಡುಸೂಜಿ ಚುಚ್ಚಿ, ಸರಸರನೆ ನೆರಿಗೆ ಹಿಡಿದೆವು. ಮೊದಲ ನೆರಿಗೆಯ ನಟ್ಟನಡುವೆ ಕೆಂಪು ಗೆರೆ ಬಂದಿತು. ಎರಡನೆಯದರಲ್ಲಿಯೂ ಬಂದಿತು. ಆರನೆಯದಕ್ಕೆ ಬರುವ ಹೊತ್ತಿಗೆ ಕೆಂಪು ಗೆರೆ ಅಂಚನ್ನು ದಾಟಿ ಒಳಗೆ ಜಾರಿಹೋಗಿತ್ತು. ಎಂಟನೆಯ ನೆರಿಗೆ ಬರೀ ನೀಲಿ. ಇಪ್ಪತ್ತನೆಯದು ಮುಗಿದು ದೂರ ನಿಂತು ನೋಡಿದರೆ, ಲಂಗದ ಮೇಲಿನ ಚೌಕಳಿ ಮುರಿದ ಕನ್ನಡಿಯಲ್ಲಿ ಕಂಡಂತಿತ್ತು.

ಕಾರಣ ಬಹಳ ಸಣ್ಣದು. ಚೌಕಳಿಯ ಆವೃತ್ತಿ 3 ಅಂಗುಲವೆಂದು ನಾವು ತಿಳಿದಿದ್ದೆವು. ನಿಜವಾಗಿ ಅದು 3 ಅಂಗುಲಕ್ಕೆ ಒಂದು ನೂಲು ಕಡಿಮೆ. ಒಂದು ನೂಲೆಂದರೆ ಅಂಗುಲದ ಎಂಟನೆಯ ಒಂದು ಪಾಲು. ಒಂದು ನೆರಿಗೆಯಲ್ಲಿ ಕಣ್ಣಿಗೇ ಬೀಳದ ಆ ವ್ಯತ್ಯಾಸ ಎಂಟು ನೆರಿಗೆಗಳಲ್ಲಿ ಕೂಡಿ ಒಂದು ಅಂಗುಲವಾಯಿತು. ಬಟ್ಟೆಯಲ್ಲಿಯೇ ನೇಕಾರನು ಅಳತೆಯನ್ನು ಬರೆದಿಟ್ಟಿರುವಾಗ ಅದನ್ನು ಓದದೆ ಟೇಪನ್ನು ನಂಬಿದ್ದು ನಮ್ಮ ತಪ್ಪು.

ಚೌಕಳಿಯಲ್ಲಿ ನೆರಿಗೆ ಹಿಡಿಯುವ ಸರಿಯಾದ ಕ್ರಮ ಇದು. ಮೊದಲು ಒಂದು ಗೆರೆಯನ್ನು ಆರಿಸಿಕೊಳ್ಳಬೇಕು, ನಾವು ಕೆಂಪನ್ನು ಆರಿಸಿಕೊಂಡೆವು. ಪ್ರತಿ ಆವೃತ್ತಿಯ ಕೆಂಪು ಗೆರೆ ಪ್ರತಿ ನೆರಿಗೆಯ ನಡುವೆ ಬರುವಂತೆ ಮಡಚಬೇಕು. ನಡುವೆ ಉಳಿದ ಬಟ್ಟೆ ಎಷ್ಟಿದ್ದರೂ ಒಳಕ್ಕೆ ಹೋಗಲಿ. ಆಗ ಟೇಪಿನ ಅವಶ್ಯಕತೆಯೇ ಇಲ್ಲ. ಸ್ಕಾಟ್ಲೆಂಡಿನ ಸೈನಿಕರ ಕಿಲ್ಟುಗಳಲ್ಲಿ ಹೀಗೆ ಒಂದೇ ಗೆರೆ ಮೇಲೆ ಬರುವಂತೆ ನೆರಿಗೆ ಕೂಡಿಸುವ ಪದ್ಧತಿಯಿದೆ. ನಿಂತಾಗ ನೆಟ್ಟಗಿನ ಕೆಂಪು ಗೆರೆಗಳು ಸಾಲಾಗಿ ಕಾಣುತ್ತವೆ. ನಡೆದಾಗ ನೆರಿಗೆಗಳು ಬಿಚ್ಚಿಕೊಂಡು ಒಳಗಿನ ಚೌಕಳಿ ಇಣುಕುತ್ತದೆ. ಇನ್ನೊಂದು ಪದ್ಧತಿಯಲ್ಲಿ ನೆರಿಗೆ ಹಿಡಿದ ಮೇಲೂ ಹೊರಗೆ ಪೂರ್ಣ ಚೌಕಳಿಯೇ ಕಾಣುವಂತೆ ಹೊಂದಿಸುತ್ತಾರೆ. ಅದಕ್ಕೆ ಬಟ್ಟೆಯೂ ತಾಳ್ಮೆಯೂ ಹೆಚ್ಚು ಬೇಕು. ಮೊದಲ ಸಲ ಹೊಲಿಯುವವರಿಗೆ ಗೆರೆಯ ಪದ್ಧತಿಯೇ ಕ್ಷೇಮ.

ಮೂರು ತುಂಡುಗಳನ್ನು ಕತ್ತರಿಸುವಾಗ ಅಡ್ಡಗೆರೆಗಳ ಮೇಲೂ ಕಣ್ಣಿರಬೇಕು. ಮೂರನ್ನೂ ಒಂದೇ ಅಡ್ಡಗೆರೆಯಿಂದ ಆರಂಭಿಸಿ ಕತ್ತರಿಸದಿದ್ದರೆ ಲಂಗದ ಸುತ್ತ ಹೋಗುವ ಗೆರೆ ನಡುವೆ ಮೆಟ್ಟಿಲಾಗುತ್ತದೆ. ಜೋಡಣೆಯ ಹೊಲಿಗೆ ನೆರಿಗೆಯ ಒಳಪದರಕ್ಕೆ ಬರುವಂತೆ ನೋಡಿಕೊಂಡರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ನಡು ಮತ್ತು ಸೊಂಟದ ನಡುವಿನ 4 ಅಂಗುಲ ವ್ಯತ್ಯಾಸದ ಮಾತು. ಅದನ್ನು 28 ನೆರಿಗೆಗಳಲ್ಲಿ ಹಂಚಬೇಕು. ಏಳು ನೆರಿಗೆಗಳು ಕೂಡಿ 1 ಅಂಗುಲ ಬಿಟ್ಟುಕೊಟ್ಟರೆ ಸಾಕು. ಒಂದೊಂದರ ಪಾಲಿಗೆ ಬರುವುದು ಒಂದು ನೂಲಿಗಿಂತ ತುಸು ಹೆಚ್ಚು. ಎಲ್ಲವೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಾಗ ಯಾವುದಕ್ಕೂ ಭಾರವಾಗುವುದಿಲ್ಲ. ಕೂಡು ಕುಟುಂಬದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದೇ ನೆರಿಗೆಯ ಮೇಲೆ ಎಲ್ಲವನ್ನೂ ಹೇರಿದರೆ ಲಂಗ ಆ ಪಕ್ಕಕ್ಕೆ ಎಳೆದುಕೊಳ್ಳುತ್ತದೆ.

ಕೆಳಗಿನ ಮಡಿಕೆಯನ್ನು ನೆರಿಗೆ ಹಿಡಿಯುವ ಮೊದಲೇ ಹೊಲಿದುಬಿಡಬೇಕು. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಉದ್ದ ಟಾಕಿನ ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಬೇಕು. ಇಸ್ತ್ರಿಯನ್ನು ಎಳೆದಾಡದೆ ಎತ್ತಿ ಎತ್ತಿ ಇಡಬೇಕು. ಟೆರಿಕಾಟಿಗೆ ಹೆಚ್ಚು ಬಿಸಿ ತಗುಲಿದರೆ ಬಟ್ಟೆ ಹೊಳಪುಗಟ್ಟಿ ಕೆಡುತ್ತದೆ. ಪೂರ್ತಿ ಆರಿದ ಮೇಲೆ ನಡುಪಟ್ಟಿ ಕೂಡಿಸಿ, ಪಕ್ಕದಲ್ಲಿ ಝಿಪ್ಪು ಮತ್ತು ಹುಕ್ಕು ಹಾಕಿ, ಎಲ್ಲಕ್ಕೂ ಕಡೆಯಲ್ಲಿ ಕಚ್ಚಾ ಹೊಲಿಗೆಯನ್ನು ಬಿಡಿಸಬೇಕು.

ಹೀಗೆ ಬಿಚ್ಚಿ, ಮತ್ತೆ ಕೂಡಿಸಿ, ನಾಲ್ಕು ಮಧ್ಯಾಹ್ನಗಳಲ್ಲಿ ಲಂಗ ಸಿದ್ಧವಾಯಿತು. 28 ನೆರಿಗೆಗಳ ಮೇಲೆ 28 ಕೆಂಪು ಗೆರೆಗಳು. ನಮ್ಮ ಕೆಲಸಕ್ಕೆ ನಾವೇ ಮನಸ್ಸಿನಲ್ಲಿ ಮೆಚ್ಚಿಕೊಂಡೆವು ಎಂದರೆ ತಪ್ಪಾಗಲಾರದು.

ನೆರಿಗೆ ಯಾವ ಕಡೆಗೆ?

ಶಾಲೆ ಆರಂಭವಾದ ದಿನ ಸಾಯಂಕಾಲ ಮಗಳು ಮನೆಗೆ ಬಂದವಳೇ ಚೀಲವನ್ನು ಮೂಲೆಗೆಸೆದು ಗೋಡೆಯ ಕಡೆಗೆ ಮುಖ ಮಾಡಿ ಕುಳಿತಳು. ಎಷ್ಟು ಕೇಳಿದರೂ ಮಾತಿಲ್ಲ. ರಾತ್ರಿ ಊಟದ ಹೊತ್ತಿಗೆ ಅಳುತ್ತ ಹೇಳಿದಳು. ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗ ಎಲ್ಲ ಹುಡುಗಿಯರ ನೆರಿಗೆಗಳೂ ಒಂದು ಕಡೆಗೆ ಬಾಗಿದ್ದರೆ ಇವಳದು ಮಾತ್ರ ಇನ್ನೊಂದು ಕಡೆಗೆ ಬಾಗಿತ್ತಂತೆ. ಹಿಂದಿನವಳೊಬ್ಬಳು ಅದನ್ನು ಕಂಡು, ‘ಮನೆಯಲ್ಲಿ ಹೊಲಿದದ್ದು’ ಎಂದು ಸಾಲಿನುದ್ದಕ್ಕೂ ಪಿಸುಗುಟ್ಟಿದಳಂತೆ. ನಾಳೆಯಿಂದ ಆ ಲಂಗ ತೊಡುವುದಿಲ್ಲವೆಂದು ಮಗಳ ಹಟ.

ನಮಗೆ ಸಿಟ್ಟು ಬಂದಿತು. ನಾಲ್ಕು ಮಧ್ಯಾಹ್ನಗಳ ಬೆನ್ನುನೋವು, ಸೂಜಿ ಚುಚ್ಚಿದ ಬೆರಳು, ಉಳಿಸಿದ ಹಣ ಎಲ್ಲವೂ ಒಟ್ಟಿಗೆ ಬಾಯಿಗೆ ಬಂದವು. ತಂದೆಯ ಸಂಬಳವನ್ನೂ, ಶರಣರ ಕಾಯಕವನ್ನೂ, ಸರಳತೆಯನ್ನೂ ಒಂದೇ ಉಸಿರಿನಲ್ಲಿ ಆ ಹತ್ತು ವರ್ಷದ ಕೂಸಿನ ಮೇಲೆ ಸುರಿದೆವು. ‘ಮೈಮುಚ್ಚಲು ಬಟ್ಟೆಯಿಲ್ಲದವರಿದ್ದಾರೆ, ನಿನಗೆ ನೆರಿಗೆಯ ದಿಕ್ಕಿನ ಚಿಂತೆಯೇ?’ ಎಂದು ಕೇಳಿದೆವು. ಮಗಳು ಉತ್ತರ ಕೊಡಲಿಲ್ಲ. ಊಟವನ್ನೂ ಮಾಡಲಿಲ್ಲ.

ನಮ್ಮ ಅತ್ತೆಯವರು ಅದುವರೆಗೆ ಸುಮ್ಮನಿದ್ದರು. ಲಿಂಗಪೂಜೆ ಮುಗಿಸಿ, ವಿಭೂತಿಯ ಗಟ್ಟಿಯನ್ನು ಗೂಡಿನಲ್ಲಿಟ್ಟು ಬಂದು, ಲಂಗವನ್ನು ಕೈಗೆತ್ತಿಕೊಂಡು ತಿರುವಿ ತಿರುವಿ ನೋಡಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, ‘ಕೂಸು ಖರೇನ ಹೇಳ್ತೈತಿ. ನೀ ಹೊಲಿಯೋ ಮುಂದ ಬ್ಯಾರೆ ಹುಡುಗ್ಯಾರ ಲಂಗಾ ಒಮ್ಮೆ ನೋಡಿದ್ಯೇನು?’ ಎಂದು ಕೇಳಿದರು. ನೋಡಿರಲಿಲ್ಲ. ಬಳಿಕ ಮೊಮ್ಮಗಳಿಗೆ, ‘ಅಳೋದಕ್ಕೂ ಒಂದ ರಾತ್ರಿ ಬೇಕು, ಬಿಚ್ಚಿ ಹೊಲಿಯೋದಕ್ಕೂ ಒಂದ ರಾತ್ರಿ ಬೇಕು. ಯಾವುದು ಮಾಡ್ತಿ ನೋಡವ್ವಾ’ ಎಂದರು.

ಮಗಳು ಕಣ್ಣೊರೆಸಿಕೊಂಡು ಬಂದು ಯಂತ್ರದ ಪಕ್ಕದಲ್ಲಿ ಕುಳಿತಳು.

ಆ ರಾತ್ರಿ ನಡುಪಟ್ಟಿ ಬಿಚ್ಚಿದೆವು. ಮಗಳು ಗುಂಡುಸೂಜಿಗಳನ್ನು ಒಂದೊಂದಾಗಿ ಕೊಡುತ್ತ ಹೋದಳು. ಕೆಂಪು ಗೆರೆ ಮೇಲೆ ಇದ್ದಂತೆಯೇ ಇರಲಿ, ಒಳಪದರ ಮಾತ್ರ ಇನ್ನೊಂದು ಬದಿಗೆ ಹೋಗಲಿ ಎಂದು ಅವಳೇ ಬೇಗ ಕಂಡುಕೊಂಡಳು. ಹತ್ತು ನೆರಿಗೆಗಳಾದ ಮೇಲೆ, ‘ಇನ್ನು ನಾನು ಹಿಡಿಯುತ್ತೇನೆ’ ಎಂದಳು. ನಮಗಿದ್ದ ಭಯ ಹಳೆಯ ಇಸ್ತ್ರಿಯ ಗೀರಿನದು. ಟೆರಿಕಾಟಿನಲ್ಲಿ ಒಮ್ಮೆ ಕೂತ ಗೀರು ಸುಲಭವಾಗಿ ಹೋಗುವುದಿಲ್ಲ. ಆದರೆ ದಿಕ್ಕು ಬದಲಾದಾಗ ಹಳೆಯ ಗೀರು ಪಕ್ಕದ ನೆರಿಗೆಯ ಅಂಚಿನ ಕೆಳಗೇ ಬಂದು ಮರೆಯಾಯಿತು. ರಾತ್ರಿ ಹನ್ನೊಂದೂವರೆಗೆ ಇಸ್ತ್ರಿ ಒತ್ತುವಾಗ ಮಗಳು ನೆಲದ ಮೇಲೆಯೇ ನಿದ್ರೆ ಹೋಗಿದ್ದಳು. ಅವಳ ಮುಷ್ಟಿಯಲ್ಲಿ ಇನ್ನೂ ಎರಡು ಗುಂಡುಸೂಜಿಗಳಿದ್ದವು.

ಮರುದಿನ ಸಾಯಂಕಾಲ ನಾವು ಏನನ್ನೂ ಕೇಳಲಿಲ್ಲ. ಅವಳೂ ಏನನ್ನೂ ಹೇಳಲಿಲ್ಲ. ಲಂಗವನ್ನು ತಾನೇ ಬಿಚ್ಚಿ, ನೆರಿಗೆ ಕೂಡಿಸಿ, ಗೂಟಕ್ಕೆ ತೂಗುಹಾಕಿದಳು. ಅದನ್ನೇ ಉತ್ತರವೆಂದು ತಿಳಿದೆವು.

ಎಲ್ಲಿ ತಪ್ಪಿದೆವು?

ಮನೆಯಲ್ಲಿ ಹೊಲಿದ ಬಟ್ಟೆ ಬಡತನದ ಗುರುತಲ್ಲ, ಅದಕ್ಕಾಗಿ ನಾಚಬೇಕಾಗಿಲ್ಲ ಎಂದು ಮಕ್ಕಳಿಗೆ ಹೇಳುವುದು ಸುಲಭ. ಅದು ನಿಜವೂ ಹೌದು. ಆದರೆ ಉಳಿತಾಯದ ಸಂತೋಷ ನಮ್ಮದಾಗಿ, ಅಪಮಾನದ ಭಾರ ಮಗುವಿನದಾದರೆ ಅದನ್ನು ಕಾಯಕವೆಂದು ಕರೆಯಲು ಬಾಯಿ ಬಾರದು. ನಾವು ನಡು, ಸೊಂಟ, ಉದ್ದ ಎಲ್ಲವನ್ನೂ ಅಳೆದಿದ್ದೆವು. ತೊಡುವವಳ ಮನಸ್ಸನ್ನು ಅಳೆದಿರಲಿಲ್ಲ. ಬೇರೆಯ ಲಂಗವೊಂದನ್ನು ಒಂದು ಗಳಿಗೆ ನೋಡಿದ್ದರೆ, ‘ನಿನ್ನ ಗೆಳತಿಯರ ಲಂಗ ಹೇಗಿದೆ?’ ಎಂದು ಮಗಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಸರಳತೆಯ ಉಪದೇಶವನ್ನು ನಾವು ನಮ್ಮ ತಪ್ಪಿನ ಮೇಲೆ ಹೊದಿಸಿದ ಹೊದಿಕೆಯಾಗಿ ಬಳಸಿದೆವು. ಇದನ್ನು ಒಪ್ಪಿಕೊಳ್ಳಲು ನಮಗೆ ವರ್ಷಗಳೇ ಬೇಕಾದವು.

ಶರಣರು ಕಾಯಕವನ್ನು ದಾಸೋಹದೊಡನೆ ಸೇರಿಸಿ ಹೇಳಿದ್ದಾರೆ. ಮಾಡಿದ ಕೆಲಸ ಇನ್ನೊಬ್ಬರನ್ನು ಮುಟ್ಟಬೇಕು, ಅವರಿಗೆ ಸಲ್ಲಬೇಕು. ಮಗು ತಲೆಯೆತ್ತಿ ತೊಡುವಂತೆ ಹೊಲಿದಾಗಲೇ ಹೊಲಿಗೆ ಮಗುವಿಗೆ ಸಲ್ಲುತ್ತದೆ.

ತೊಡುವ ರೀತಿ, ಕಾಪಾಡುವ ರೀತಿ

ನೆರಿಗೆಯ ಲಂಗವನ್ನು ತೊಡುವುದಕ್ಕೂ ಒಂದು ಕ್ರಮವಿದೆ. ಕುಳಿತುಕೊಳ್ಳುವಾಗ ಹಿಂದಿನ ನೆರಿಗೆಗಳನ್ನು ಅಂಗೈಯಿಂದ ಸವರಿ ಕುಳಿತರೆ ಅವು ಮುದುಡುವುದಿಲ್ಲ. ಆಟವಾಡುವ, ಸೈಕಲ್ಲು ತುಳಿಯುವ ಮಕ್ಕಳಿಗೆ ಒಳಗೆ ತೆಳುವಾದ ಚಡ್ಡಿ ಇರಲಿ. ಉದ್ದ ಮೊಣಕಾಲನ್ನು ಮುಚ್ಚುವಷ್ಟಿದ್ದರೆ ಓಡಲೂ ಹಗುರ, ನೆಲದ ಮೇಲೆ ಕುಳಿತುಕೊಳ್ಳಲೂ ಅನುಕೂಲ. ಶಾಲೆಯಿಂದ ಬಂದ ಕೂಡಲೇ ನಡುಪಟ್ಟಿ ಹಿಡಿದು ತೂಗುಹಾಕಬೇಕು, ಮಡಚಿ ಇಡಬಾರದು.

ಒಗೆಯುವ ಮೊದಲು ಕೆಳಗಿನ ಅಂಚಿನ ಹತ್ತಿರ ಉದ್ದ ಟಾಕು ಹಾಕಿ ನೆರಿಗೆಗಳನ್ನು ಹಿಡಿದಿಟ್ಟರೆ ಅರ್ಧ ಇಸ್ತ್ರಿ ಮುಗಿದಂತೆ. ಬಂಡೆಗಲ್ಲಿಗೆ ಬಡಿಯುವುದು ಬೇಡ, ಹಿಂಡುವುದೂ ಬೇಡ. ನೀರು ಸೋರುವಂತೆ ನೆರಳಿನಲ್ಲಿ ತೂಗುಹಾಕಿದರೆ ಅದರ ಭಾರವೇ ನೆರಿಗೆಗಳನ್ನು ಕೆಳಕ್ಕೆ ಎಳೆದು ನೇರಮಾಡುತ್ತದೆ. ಇಸ್ತ್ರಿಯನ್ನು ಮೊದಲು ಒಳಬದಿಯಿಂದ ಒತ್ತಬೇಕು. ಹಳೆಯ ಬಟ್ಟೆಯೊಂದನ್ನು ಮೇಲೆ ಹಾಸದೆ ಹೊರಬದಿಗೆ ಇಸ್ತ್ರಿ ಮುಟ್ಟಿಸಬಾರದು.

ಆ ಲಂಗ ಮೂರು ವರ್ಷ ಬಾಳಿತು. 1995ರ ಜೂನಿನಲ್ಲಿ ಒಂದೂವರೆ ಅಂಗುಲ, 1996ರ ಜೂನಿನಲ್ಲಿ ಮತ್ತೆ ಒಂದೂವರೆ ಅಂಗುಲ ಮಡಿಕೆ ಬಿಟ್ಟೆವು. ಹುಕ್ಕಿನ ಸ್ಥಾನವನ್ನು ಎರಡು ಸಲ ಸರಿಸಿದೆವು. ಒಳಗಿದ್ದ ಬಟ್ಟೆ ಬಿಸಿಲು ಕಾಣದ್ದರಿಂದ ಕಡುನೀಲಿಯಾಗಿಯೇ ಉಳಿದಿತ್ತು, ಹೊರಗಿನದು ಮಾಸಿತ್ತು. ಹೀಗಾಗಿ ಕೆಳಗಿನ ಅಂಚಿನಲ್ಲಿ ಎರಡು ಬಣ್ಣದ ಪಟ್ಟೆಗಳು ಮೂಡಿದವು. ಈ ಸಲ ನಾವು ಬುದ್ಧಿ ಕಲಿತು ಮೊದಲೇ ಮಗಳನ್ನು ಕೇಳಿದೆವು: ಹೊಸದೊಂದು ಹೊಲಿಯೋಣವೇ? ಅವಳು ಪಟ್ಟೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ‘ಇದು ನಾನು ಹೋದ ವರ್ಷ ಇದ್ದ ಎತ್ತರ, ಇದು ಅದರ ಹಿಂದಿನ ವರ್ಷದ್ದು’ ಎಂದು ನಕ್ಕಳು. ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರಕ್ಕೆ ನಾವು ಸುಣ್ಣದ ಗೆರೆ ಎಳೆಯುತ್ತಿದ್ದುದನ್ನು ನೆನೆದಿರಬೇಕು. ಬದಲಾವಣೆಗೆಂದು ಹೊಲಿದ ಎರಡನೆಯ ಲಂಗದಲ್ಲಿ ಅರ್ಧದಷ್ಟು ನೆರಿಗೆಗಳನ್ನು ಹಿಡಿದವಳು ಅವಳೇ.

ಮತ್ತೊಂದು ಚೌಕಳಿ

ಇಂದು ಕಾಲ ಬಹಳ ಬದಲಾಗಿದೆ. ಎಷ್ಟೋ ಶಾಲೆಗಳಲ್ಲಿ ಹೆಣ್ಣುಮಕ್ಕಳು ಚೂಡಿದಾರ ತೊಡುತ್ತಾರೆ. ಸಿದ್ಧ ಉಡುಪು ಎಲ್ಲೆಡೆ ದೊರೆಯುತ್ತದೆ. ಮನೆಯ ಮೂಲೆಯ ಹೊಲಿಗೆ ಯಂತ್ರಗಳ ಮೇಲೆ ಹೂವಿನ ಕುಂಡಗಳು ಬಂದು ಕುಳಿತಿವೆ. ಎಲ್ಲರೂ ಎಲ್ಲವನ್ನೂ ಮನೆಯಲ್ಲಿಯೇ ಹೊಲಿಯಬೇಕೆಂದು ನಾವು ಹೇಳಲಾರೆವು. ದುಡಿಯಲು ಹೋಗುವ ತಾಯಂದಿರಿಗೆ ಅಷ್ಟು ಮಧ್ಯಾಹ್ನಗಳು ಎಲ್ಲಿಂದ ಬರಬೇಕು? ಆದರೂ ಬೇಸಿಗೆಯ ರಜೆಯಲ್ಲಿ ಮಗಳೋ ಮಗನೋ ಜೊತೆಗೆ ಕುಳಿತರೆ, ಒಂದು ಲಂಗವನ್ನಾದರೂ ಹೊಲಿದು ನೋಡುವುದು ಒಳ್ಳೆಯದು. ಎಣಿಸುವುದು, ಕಾಯುವುದು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಕೂಡಿಸುವುದು ಈ ಮೂರನ್ನೂ ಇಷ್ಟು ಕಡಿಮೆ ಖರ್ಚಿನಲ್ಲಿ ಕಲಿಸುವ ಪಾಠ ಬೇರೊಂದು ಸುಲಭವಾಗಿ ಸಿಗದು.

ಹೋದ ಬೇಸಿಗೆಯಲ್ಲಿ ಮಗಳು ತನ್ನ ಮಗಳೊಡನೆ ಮನೆಗೆ ಬಂದಿದ್ದಳು. ಮೊಮ್ಮಗಳಿಗೆ ಈಗ ಒಂಬತ್ತು ವರ್ಷ. ಟ್ರಂಕಿನಲ್ಲಿದ್ದ ಹಳೆಯ ಚೌಕಳಿ ಲಂಗ ಹೇಗೋ ಅವಳ ಕಣ್ಣಿಗೆ ಬಿದ್ದು, ತನಗೂ ಅಂಥದೇ ಬೇಕೆಂದು ಕುಳಿತಳು. ಅದು ಶಾಲೆಗಲ್ಲ, ಸುಮ್ಮನೆ ತೊಡುವುದಕ್ಕೆ. ಮಗಳು ಪೇಟೆಗೆ ಹೋಗಿ ಹಸಿರು ನೆಲದ ಚೌಕಳಿ ಬಟ್ಟೆ ತಂದಳು. ಯಂತ್ರದ ಮೇಲಿನ ಹೂವಿನ ಕುಂಡವನ್ನು ಇಳಿಸಿದೆವು. ಎಣ್ಣೆ ಬಿಟ್ಟೆವು, ಪಟ್ಟಿ ಬಿಗಿದೆವು. ಅತ್ತೆಯವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಆ ಯಂತ್ರದ ಪಕ್ಕದಲ್ಲಿ ಅವರು ಕುಳಿತುಕೊಳ್ಳುತ್ತಿದ್ದ ಮಣೆ ಮಾತ್ರ ಇನ್ನೂ ಇದೆ. ಮೊಮ್ಮಗಳು ಅದರ ಮೇಲೆ ಕುಳಿತಳು.

ಮಗಳು ಟೇಪು ತೆಗೆದುಕೊಳ್ಳಲಿಲ್ಲ. ಬಟ್ಟೆಯನ್ನು ಹಾಸಿ, ಮೊದಲು ಗೆರೆಗಳನ್ನು ನೋಡಿದಳು, ಬೆರಳಿನಿಂದ ಆವೃತ್ತಿಯನ್ನು ಎಣಿಸಿದಳು. ನಾವು ಕಲಿಸಿದ್ದು ಅಷ್ಟನ್ನೇ. ಆಮೇಲೆ ಅವಳು ಮಾಡಿದ್ದನ್ನು ನಾವು ಕಲಿಸಿರಲಿಲ್ಲ. ಮೊದಲ ನೆರಿಗೆಯನ್ನು ಕೈಯಲ್ಲಿ ಹಿಡಿದು, ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ಬಾಗಿಸಿ ತೋರಿಸುತ್ತ ತನ್ನ ಮಗಳನ್ನು ಕೇಳಿದಳು:

‘ನಿನಗೆ ಯಾವ ಕಡೆಗೆ ಬೇಕವ್ವಾ?’